ಘಟ್ಟದ ಏರಿನಲ್ಲಿ ‘ಟಕ್ ಟಕ್’

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗೆ ಹಳೆಯ ಕಾರು ಸುಮ್ಮನೆ ಬರುತ್ತದೆ. ಅಲ್ಲಿಂದ ಶಿರಸಿಯ ದಾರಿ ಹಿಡಿದು ದೇವಿಮನೆ ಘಟ್ಟ ಹತ್ತತೊಡಗಿದರೆ, ಎಂಜಿನ್ನಿನೊಳಗೆ ಯಾರೋ ಚಿಕ್ಕ ಸುತ್ತಿಗೆಯಿಂದ ಬಡಿದಂತೆ ‘ಟಕ್ ಟಕ್’ ಸದ್ದು. ಗೇರ್ ಇಳಿಸಿದರೆ ಮಾಯ. ಮರಳಿ ಬಂದು ಗ್ಯಾರೇಜಿನಲ್ಲಿ ನಿಲ್ಲಿಸಿದರಂತೂ ಕೇಳಿಸುವುದೇ ಇಲ್ಲ!

ಅದಕ್ಕೇ ಅನುಭವಸ್ಥ ಮೆಕ್ಯಾನಿಕ್ ಮೊದಲು ಕೇಳುವುದು ಸದ್ದು ಯಾವಾಗ ಬರುತ್ತದೆ ಎಂದು. ಮಳೆಗಾಲದ ಹೊಂಡಗಳಲ್ಲಿ ಮಾತ್ರ ಬಡಿದರೆ ಚಕ್ರದ ಬಳಿಯ ಬುಷ್, ಬಾಲ್ ಜಾಯಿಂಟ್ ನೋಡಬೇಕು. ಎಂಜಿನ್ನಿನ ವೇಗಕ್ಕೆ ಸರಿಯಾಗಿ ತಳದಿಂದ ಮಂದವಾಗಿ ಬಡಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರಬಹುದು; ಅಂಥ ಗಾಡಿಯನ್ನು ಘಟ್ಟಕ್ಕೆ ಒಯ್ಯಲೇಬಾರದು. ಏರಿನಲ್ಲಿ, ಭಾರ ಬಿದ್ದಾಗ ಮಾತ್ರ ಕೇಳಿಸಿದರೆ ಸಂಶಯ ಪೆಟ್ರೋಲು ಉರಿಯುವ ರೀತಿಯ ಮೇಲೆ. ಸೀಮೆಎಣ್ಣೆ ಬೆರೆಸಿದ ಪೆಟ್ರೋಲಿನದೂ ಇದೇ ಸದ್ದು.

ಈ ಕೊನೆಯ ಸದ್ದು ಜಗತ್ತನ್ನೇ ದಾರಿ ತಪ್ಪಿಸಿತು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಕಾರುಗಳಿಗೆ ಬ್ಯಾಟರಿಯಿಂದ ಕಿಡಿ ಹೊತ್ತಿಸುವ ವ್ಯವಸ್ಥೆ ತಂದಾಗ, ಬಡಿತಕ್ಕೆ ಅದೇ ಕಾರಣವೆಂದು ಜನ ದೂರಿದರು. ಆತ 1916ರಲ್ಲಿ ಥಾಮಸ್ ಮಿಜ್ಲಿ ಎಂಬ ಯುವ ಎಂಜಿನಿಯರನನ್ನು ತನಿಖೆಗೆ ಹಚ್ಚಿದ. ಕಿಡಿ ಹೊತ್ತಿಸಿದ ಬೆಂಕಿ ತಲುಪುವ ಮುನ್ನವೇ ಸಿಲಿಂಡರಿನ ಮೂಲೆಯಲ್ಲಿ ಉಳಿದ ಅನಿಲ ಒತ್ತಡಕ್ಕೆ ತಾನಾಗಿ ಸಿಡಿಯುತ್ತದೆ. ಗೋಡೆಗೆ ಬಡಿಯುವುದು ಆ ಸಿಡಿತ. ತಪ್ಪು ಇಂಧನದ್ದು, ಬ್ಯಾಟರಿಯದಲ್ಲ.

ಇಂಧನಕ್ಕೆ ಕೆಂಪು ಬಣ್ಣ ಹಾಕಿದರೆ ಗುಣವಾದೀತೆಂದು ಮಿಜ್ಲಿಯ ಊಹೆ. ಬಣ್ಣ ಸಿಗದೆ ಅಯೋಡಿನ್ ಸುರಿದ, ಬಡಿತ ತಗ್ಗಿತು. ಬೇರೆ ಕೆಂಪು ಬಣ್ಣಗಳಿಂದ ಏನೂ ಆಗಲಿಲ್ಲ! ಊಹೆ ತಪ್ಪು, ಫಲ ಸರಿ. ಹುಡುಕುತ್ತ 1921ರಲ್ಲಿ ಸೀಸದ ಒಂದು ಸಂಯುಕ್ತಕ್ಕೆ ಬಂದು ತಲುಪಿದ. ಚಿಟಿಕೆಯಷ್ಟು ಸಾಕು, ಸದ್ದು ಅಡಗುತ್ತಿತ್ತು.

ಸೀಸ ವಿಷವೆಂಬುದು ಆಗಲೂ ಗೊತ್ತಿದ್ದ ಸಂಗತಿಯೇ. 1924ರಲ್ಲಿ ನ್ಯೂಜೆರ್ಸಿಯ ಸಂಸ್ಕರಣಾಗಾರವೊಂದರಲ್ಲಿ ಈ ಸಂಯುಕ್ತ ತಯಾರಿಸುತ್ತಿದ್ದ 5 ಕೆಲಸಗಾರರು ಬುದ್ಧಿಭ್ರಮಣೆಗೊಳಗಾಗಿ ಸತ್ತರು. ಆದರೂ ಮಾರಾಟ ನಿಲ್ಲಲಿಲ್ಲ. ಹೊಗೆಯೊಡನೆ ಬಂದ ಸೀಸ ರಸ್ತೆ ಬದಿಯ ಮಕ್ಕಳ ರಕ್ತ ಸೇರಿತು, ಮಿದುಳಿನ ಬೆಳವಣಿಗೆಗೆ ಕುಂದು ತಂದಿತು. ಭಾರತದಾದ್ಯಂತ ಸೀಸದ ಪೆಟ್ರೋಲು ನಿಂತದ್ದು 2000ದ ಫೆಬ್ರುವರಿಯಲ್ಲಿ. ಲೋಕದಲ್ಲಿ ಕಡೆಯದಾಗಿ ಅಲ್ಜೀರಿಯ ಕೈಬಿಟ್ಟದ್ದು 2021ರಲ್ಲಿ. ಒಂದು ‘ಟಕ್ ಟಕ್’ ಅಡಗಿಸಲು ತೆತ್ತ ಬೆಲೆ ಇದು.

ಈಗಿನ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ನಿಗೇ ಒಂದು ಕಿವಿ ಇದೆ. ಅದಕ್ಕೆ ನಾಕ್ ಸೆನ್ಸರ್ ಎನ್ನುತ್ತಾರೆ. ಬಡಿತದ ಸುಳಿವು ಸಿಕ್ಕ ಕೂಡಲೇ ಕಂಪ್ಯೂಟರು ಕಿಡಿಯನ್ನು ಒಂದಿಷ್ಟು ತಡಮಾಡುತ್ತದೆ. ಬೇರಿಂಗಿನ ಬಡಿತಕ್ಕೆ ಮಾತ್ರ ಮೆಕ್ಯಾನಿಕ್ ಇಂದಿಗೂ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೊತ್ತಿ, ಹಿಡಿಗೆ ಕಿವಿ ಹಚ್ಚುತ್ತಾನೆ.