ತಕ್ಕಡಿ ಯಾರ ಕೈಯಲ್ಲಿ?



ನಿಮ್ಮ ಊರಿನ ಸಂತೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ತಕ್ಕಡಿ ವ್ಯಾಪಾರಿಯ ಕೈಯಲ್ಲಿರುತ್ತದೆ. ಆದರೆ ತೂಕದ ಕಲ್ಲಿನ ಮೇಲೆ ಸರ್ಕಾರದ ಮುದ್ರೆ ಇರಬೇಕು. ವ್ಯಾಪಾರಿ ಪ್ರಾಮಾಣಿಕನೋ ಅಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಮಾರುವವನೇ ಕಿಲೋಗೆ ಎಷ್ಟು ಗ್ರಾಂ ಎಂದು ತೀರ್ಮಾನಿಸಬಾರದು, ಅಷ್ಟೇ. ಅದಕ್ಕಾಗಿ ಮೂರನೆಯವರೊಬ್ಬರು ಬೇಕು.

ಈಗ ಹೇಳಿ, ನೀವು ಮಾಡುವ ಫೋನ್ ಕರೆಯನ್ನು ತೂಗಿ ನೋಡುವ ಮೂರನೆಯವರು ಯಾರು? ನಿಮ್ಮ ಮನೆಗೆ ಬರುವ ಪತ್ರವನ್ನು? ಮೊದಲ ಪ್ರಶ್ನೆಗೆ ನಮ್ಮ ದೇಶದಲ್ಲಿ 1997ರಿಂದ ಒಂದು ಉತ್ತರವಿದೆ. ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ದೊರೆತಿಲ್ಲ. ಏಕೆ ಹೀಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಏಕಸ್ವಾಮ್ಯ ಮತ್ತು ಅದರ ಹೊಣೆ

ಅಂಚೆ ಎಂಬುದು ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ, ಅಂದರೆ 17ನೆಯ ಶತಮಾನದ ಕೊನೆಯ ಭಾಗದಿಂದ, ಅಂಚೆ ವ್ಯವಸ್ಥೆ ಇತ್ತು. ಅದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಯಿತು. ಸಂಸ್ಥಾನದ ಇಲಾಖೆ ಹೋಯಿತು, ‘ಅಂಚೆ’ ಎಂಬ ಮಾತು ಮಾತ್ರ ನಮ್ಮಲ್ಲಿ ಉಳಿಯಿತು.

ಬ್ರಿಟಿಷ್ ಭಾರತದಲ್ಲಿ 1854ರ ಸುಧಾರಣೆ ಬಹಳ ಮುಖ್ಯವಾದದ್ದು. ಅದಕ್ಕೆ ಮೊದಲು ದೂರ ಹೆಚ್ಚಿದಂತೆ ಪತ್ರದ ದರವೂ ಏರುತ್ತಿತ್ತು. 1854ರಲ್ಲಿ ಇಡೀ ದೇಶಕ್ಕೆ ಒಂದೇ ದರ ಬಂತು. ಹಗುರವಾದ ಪತ್ರಕ್ಕೆ ಅರ್ಧ ಆಣೆ. ಅದು ಪಕ್ಕದ ಊರಿಗೆ ಹೋಗಲಿ, ಸಾವಿರ ಮೈಲಿ ದೂರ ಹೋಗಲಿ, ದರ ಅಷ್ಟೇ. ಲೆಕ್ಕ ಹಾಕಿದರೆ ಇದರ ಗುಟ್ಟು ತಿಳಿಯುತ್ತದೆ. ನಗರದೊಳಗಿನ ಪತ್ರದಲ್ಲಿ ಲಾಭ, ಬೆಟ್ಟದ ಊರಿನ ಪತ್ರದಲ್ಲಿ ನಷ್ಟ. ಲಾಭ ನಷ್ಟವನ್ನು ತುಂಬಬೇಕು. ಆದರೆ ಯಾರಾದರೂ ನಡುವೆ ಬಂದು ನಗರದ ಪತ್ರಗಳನ್ನಷ್ಟೇ ಕಡಿಮೆ ದರಕ್ಕೆ ಒಯ್ದರೆ? ಬೆಟ್ಟದ ಊರಿಗೆ ಪತ್ರ ತಲುಪಿಸಲು ಹಣ ಎಲ್ಲಿಂದ ಬರಬೇಕು? ಆದ್ದರಿಂದ ಪತ್ರ ಸಾಗಿಸುವ ಹಕ್ಕನ್ನು ಕಾನೂನು ಸರ್ಕಾರಕ್ಕೇ ಮೀಸಲಿಟ್ಟಿತು. 1898ರ ಅಂಚೆ ಕಾಯ್ದೆಯ ತಿರುಳು ಇದೇ. ಅದಕ್ಕೂ ಮೊದಲೇ ಬಂದಿದ್ದ 1885ರ ತಂತಿ ಕಾಯ್ದೆ ತಂತಿಯ ಹಕ್ಕನ್ನೂ ಸರ್ಕಾರಕ್ಕೆ ಕೊಟ್ಟಿತ್ತು. ದೂರವಾಣಿಯೂ ಅದರೊಳಗೇ ಸೇರಿತು.

ಇಲ್ಲಿ ಒಂದು ಕೊಡು-ಕೊಳ್ಳುವಿಕೆ ಇರುವುದನ್ನು ಗಮನಿಸಿ. ಸರ್ಕಾರಕ್ಕೆ ಏಕಸ್ವಾಮ್ಯ, ಅದಕ್ಕೆ ಪ್ರತಿಯಾಗಿ ಕಟ್ಟಕಡೆಯ ಮನೆಯನ್ನೂ ತಲುಪುವ ಹೊಣೆ. ಹೊಣೆಯನ್ನು ಸರಿಯಾಗಿ ನಿಭಾಯಿಸುತ್ತಿದ್ದಾರೆಯೇ ಎಂದು ನೋಡುವವರು ಯಾರು? ಅದೂ ಸರ್ಕಾರವೇ.

ಕಾಯುವಿಕೆಯ ಕಾಲ

ಅಂಚೆಯ ಮಟ್ಟಿಗೆ ಈ ಒಪ್ಪಂದ ಬಹುಪಾಲು ನಡೆಯಿತು. ದೂರವಾಣಿಯಲ್ಲಿ ಅದು ಸೋತಿತು. ಫೋನ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ಅಂದು ಸಾಮಾನ್ಯ ಸಂಗತಿ. ನನ್ನ ಬಾಲ್ಯದಲ್ಲಿ ನಮ್ಮ ಬೀದಿಗೆಲ್ಲ ಒಂದೇ ಫೋನ್. ಆ ಮನೆಯವರು ಕಿಟಕಿಯಿಂದ ಹೆಸರು ಕೂಗಿದರೆ ಕರೆ ಬಂದವರು ಓಡಬೇಕು. ಹೊರ ಊರಿಗೆ ಮಾತನಾಡಬೇಕೆಂದರೆ ಎಸ್‌ಟಿಡಿ ಬೂತಿನ ಮುಂದೆ ಸಾಲು. ರಾತ್ರಿ ದರ ಕಡಿಮೆಯಾದ್ದರಿಂದ ಸಾಲು ಆಗಲೇ ಉದ್ದ.

ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ದೂರವಾಣಿ ತಯಾರಿಕೆಗಾಗಿ ಐಟಿಐ ಕಾರ್ಖಾನೆ ಆರಂಭವಾಯಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಸಣ್ಣ ವಿದ್ಯುನ್ಮಾನ ವಿನಿಮಯ ಕೇಂದ್ರವನ್ನು ರೂಪಿಸಿತು. ಧೂಳು, ಸೆಕೆಗಳನ್ನು ತಾಳಿಕೊಳ್ಳುವ, ಹವಾನಿಯಂತ್ರಣ ಬೇಡದ ಆ ಯಂತ್ರ 1986ರಲ್ಲಿ ಮೊದಲು ಸ್ಥಾಪನೆಯಾದದ್ದು ನಮ್ಮ ಕಿತ್ತೂರಿನಲ್ಲಿ. 1985ರಲ್ಲಿ ಅಂಚೆ ಮತ್ತು ದೂರಸಂಪರ್ಕ ಇಲಾಖೆಗಳು ಬೇರೆಯಾದವು. ಹೀಗಿದ್ದೂ 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಒಪ್ಪಿಕೊಂಡ ಲೆಕ್ಕ ಹೀಗಿತ್ತು: ಪ್ರಪಂಚದ ಸರಾಸರಿ 100 ಜನಕ್ಕೆ 10 ದೂರವಾಣಿ, ಭಾರತದಲ್ಲಿ 0.8. ಕಾಯುವ ಪಟ್ಟಿಯಲ್ಲಿ ಸುಮಾರು 25 ಲಕ್ಷ ಹೆಸರು.

ಆ ನೀತಿ ಖಾಸಗಿ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮೊಬೈಲ್‌ನಲ್ಲಿ ಮಾತನಾಡಿದರು. ದೇಶದ ಮೊದಲ ಮೊಬೈಲ್ ಕರೆ ಅದು. ಅಂದಿನ ದಿನಗಳಲ್ಲಿ ಕರೆ ಮಾಡಿದವರಷ್ಟೇ ಅಲ್ಲ, ಕರೆ ಸ್ವೀಕರಿಸಿದವರೂ ಹಣ ತೆರಬೇಕಿತ್ತು!

ಆಟಗಾರನೇ ಅಂಪೈರ್

ತೊಡಕು ಶುರುವಾದದ್ದು ಇಲ್ಲಿಂದ. ದೂರಸಂಪರ್ಕ ಇಲಾಖೆ ನೀತಿಯನ್ನು ರೂಪಿಸುತ್ತಿತ್ತು. ಪರವಾನಗಿ ಕೊಡುತ್ತಿತ್ತು. ದರ ಗೊತ್ತುಮಾಡುತ್ತಿತ್ತು. ತಾನೇ ಸೇವೆಯನ್ನೂ ಮಾರುತ್ತಿತ್ತು. ಹೊಸದಾಗಿ ಬಂದ ಸಂಸ್ಥೆಗಳಿಗೆ ಪ್ರತಿಸ್ಪರ್ಧಿಯೂ ಅದೇ, ನ್ಯಾಯ ಹೇಳುವವನೂ ಅದೇ.

ಇದರ ತೂಕ ಅರಿಯಲು ಒಂದು ಸಣ್ಣ ಗಣಿತ ಮಾಡೋಣ. 10 ಫೋನ್‌ಗಳಿದ್ದರೆ ಅವುಗಳ ನಡುವೆ 45 ಜೋಡಿ ಮಾತುಕತೆ ಸಾಧ್ಯ. 100 ಫೋನ್‌ಗಳಿದ್ದರೆ 4,950 ಜೋಡಿ. ಫೋನ್‌ಗಳ ಸಂಖ್ಯೆ ಹತ್ತು ಪಟ್ಟಾದರೆ ಜೋಡಿಗಳು ಸುಮಾರು ನೂರು ಪಟ್ಟಾಗುತ್ತವೆ. ಆದ್ದರಿಂದಲೇ ದೊಡ್ಡ ಜಾಲಕ್ಕೆ ಅಷ್ಟೊಂದು ಬಲ. ಹೊಸ ಸಂಸ್ಥೆಯ 10 ಗ್ರಾಹಕರು ಹಳೆಯ ಸಂಸ್ಥೆಯ ಗ್ರಾಹಕರೊಡನೆ ಮಾತನಾಡಲಾಗದಿದ್ದರೆ ಆ ಫೋನ್‌ಗಳು ಆಟಿಕೆಗಳೇ ಸರಿ. ಎರಡು ಜಾಲಗಳನ್ನು ಜೋಡಿಸಲೇಬೇಕು. ಆದರೆ ಜೋಡಣೆಯ ಬೆಲೆಯನ್ನು ದೊಡ್ಡವನೇ ಹೇಳಿದರೆ ಚಿಕ್ಕವನು ಉಳಿಯುವನೇ?

ಇದಕ್ಕಾಗಿ ಸಂಸತ್ತು 1997ರಲ್ಲಿ ಕಾಯ್ದೆ ಮಾಡಿ ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವನ್ನು ಸ್ಥಾಪಿಸಿತು. ಟ್ರಾಯ್ ಎಂಬ ಹೆಸರನ್ನು ನೀವು ಕೇಳಿದ್ದೀರಿ. ನ್ಯಾಯಮೂರ್ತಿ ಎಸ್.ಎಸ್. ಸೋಧಿ ಅದರ ಮೊದಲ ಅಧ್ಯಕ್ಷರು. ಮೊದಲ ವರ್ಷವೇ ಪರೀಕ್ಷೆ ಬಂತು. ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಮಾಡುವ ಕರೆಯ ದರವನ್ನು ಇಲಾಖೆ ಏರಿಸಿತ್ತು. ಮೊಬೈಲ್ ಸಂಸ್ಥೆಗಳು ದೂರು ಕೊಟ್ಟವು. ಟ್ರಾಯ್ ಆ ಏರಿಕೆಯನ್ನು ತಳ್ಳಿಹಾಕಿತು. ಸರ್ಕಾರ ಹುಟ್ಟುಹಾಕಿದ ಸಂಸ್ಥೆ ಸರ್ಕಾರದ ಇಲಾಖೆಗೇ ‘ಇದು ಸಲ್ಲದು’ ಎಂದಿತು. ಮುಂದಿನ ವರ್ಷ ಹಿನ್ನಡೆಯೂ ಆಯಿತು. ಪರವಾನಗಿ ಕೊಡುವ ವಿಷಯದಲ್ಲಿ ಟ್ರಾಯ್ ಮಾತು ಸರ್ಕಾರವನ್ನು ಕಟ್ಟಿಹಾಕದು ಎಂದು 1998ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು.

ಈ ಜಗ್ಗಾಟದ ಫಲವಾಗಿ 2000ದಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ವ್ಯಾಜ್ಯಗಳನ್ನು ತೀರ್ಮಾನಿಸಲು ಟಿಡಿಸ್ಯಾಟ್ ಎಂಬ ಪ್ರತ್ಯೇಕ ನ್ಯಾಯಾಧಿಕರಣ ಬಂತು. ಅದೇ ವರ್ಷ ಅಕ್ಟೋಬರ್ 1ರಂದು ಇಲಾಖೆಯ ಸೇವಾ ಭಾಗ ಬಿಎಸ್‌ಎನ್‌ಎಲ್ ಎಂಬ ಕಂಪನಿಯಾಯಿತು. ಒಂದೇ ಕೈಯಲ್ಲಿದ್ದ ಕೆಲಸಗಳು ನಾಲ್ಕು ಕೈಗಳಿಗೆ ಹಂಚಿದವು: ನೀತಿ ಮತ್ತು ಪರವಾನಗಿ ಇಲಾಖೆಗೆ, ಸೇವೆ ಕಂಪನಿಗೆ, ದರ ಹಾಗೂ ಗುಣಮಟ್ಟ ಟ್ರಾಯ್‌ಗೆ, ವ್ಯಾಜ್ಯ ನ್ಯಾಯಾಧಿಕರಣಕ್ಕೆ.

ನಮಗೇನು ಸಿಕ್ಕಿತು?

2003ರ ಮೇ ತಿಂಗಳಿಂದ ಒಳಬರುವ ಕರೆಗೆ ಹಣ ತೆರುವುದು ತಪ್ಪಿತು. ಒಂದು ಜಾಲ ಇನ್ನೊಂದರ ಕರೆಯನ್ನು ತಲುಪಿಸಲು ಪಡೆಯುವ ಶುಲ್ಕವನ್ನು ಟ್ರಾಯ್ ನಿಮಿಷಕ್ಕೆ 30 ಪೈಸೆಯಿಂದ 2009ರಲ್ಲಿ 20ಕ್ಕೆ, 2015ರಲ್ಲಿ 14ಕ್ಕೆ, 2017ರಲ್ಲಿ 6ಕ್ಕೆ ಇಳಿಸಿತು. 2021ರ ಜನವರಿ 1ರಿಂದ ಅದು ಸೊನ್ನೆ. 2011ರ ಜನವರಿಯಿಂದ ಸಂಖ್ಯೆ ಬದಲಿಸದೆ ಸಂಸ್ಥೆ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ದೊರೆಯಿತು. 2016ರ ಫೆಬ್ರುವರಿಯಲ್ಲಿ, ಅಂತರಜಾಲದಲ್ಲಿ ಯಾವ ತಾಣ ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ವಿಧಿಸಬಾರದೆಂದು ಟ್ರಾಯ್ ನಿಯಮ ಮಾಡಿತು. ಈ ಚರ್ಚೆಯಲ್ಲಿ ಲಕ್ಷಾಂತರ ಸಾಮಾನ್ಯ ಜನ ಟ್ರಾಯ್‌ಗೆ ಬರೆದಿದ್ದರು. ಇವರಲ್ಲಿ ವಿದ್ಯಾರ್ಥಿಗಳೂ ಇದ್ದರು ಎಂಬುದನ್ನು ಮರೆಯಬೇಡಿ.

ನಾನು ಕೆಲಸ ಮಾಡುವ ದೂರದರ್ಶನ ಕ್ಷೇತ್ರವೂ ಇದರಿಂದ ಹೊರಗಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2004ರಲ್ಲಿ ಪ್ರಸಾರ ಮತ್ತು ಕೇಬಲ್ ಸೇವೆಗಳು ಟ್ರಾಯ್ ವ್ಯಾಪ್ತಿಗೆ ಬಂದವು. ತರಂಗಾಂತರ ಮಿತವಾದ ವಸ್ತು. ಒಂದೇ ಜಾಗದಲ್ಲಿ, ಒಂದೇ ಆವರ್ತನದಲ್ಲಿ ಇಬ್ಬರು ಪ್ರಸಾರ ಮಾಡಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಭೌತಶಾಸ್ತ್ರವೇ ಇಲ್ಲಿ ಹಂಚಿಕೆಯನ್ನು ಅನಿವಾರ್ಯವಾಗಿಸಿದೆ.

ಸೋಲುಗಳನ್ನೂ ಹೇಳಬೇಕು. ಮಾತಿನ ನಡುವೆ ಕರೆ ಕಡಿದುಹೋದರೆ ಗ್ರಾಹಕನಿಗೆ 1 ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಪರಿಹಾರ ಕೊಡಬೇಕೆಂದು ಟ್ರಾಯ್ 2015ರಲ್ಲಿ ನಿಯಮ ಮಾಡಿತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿತು. ನಿಯಂತ್ರಕನೂ ಕಾನೂನಿನ ಗೆರೆಯೊಳಗೇ ನಡೆಯಬೇಕು. ಒಂದು ಕಾಲಕ್ಕೆ ಹತ್ತಕ್ಕೂ ಹೆಚ್ಚು ಮೊಬೈಲ್ ಸಂಸ್ಥೆಗಳಿದ್ದವು. ಇಂದು ಮೂರು ದೊಡ್ಡ ಖಾಸಗಿ ಸಂಸ್ಥೆಗಳು ಮತ್ತು ಬಿಎಸ್‌ಎನ್‌ಎಲ್ ಉಳಿದಿವೆ. ದೇಶದಲ್ಲಿ 100 ಜನಕ್ಕೆ ಫೋನ್ ಸಂಪರ್ಕಗಳು 80ನ್ನು ದಾಟಿದ್ದರೂ ಹಳ್ಳಿಯ ಲೆಕ್ಕ ನಗರದ ಲೆಕ್ಕದ ಅರ್ಧದ ಆಸುಪಾಸಿನಲ್ಲಿದೆ. ಕಾವಲುಗಾರನ ಕೆಲಸ ಮುಗಿದಿಲ್ಲ.

ಪತ್ರದ ಪಾಡು

ಇನ್ನು ಎರಡನೆಯ ಪ್ರಶ್ನೆ. ಪತ್ರವನ್ನು ತೂಗುವವರು ಯಾರು?

ಜರ್ಮನಿ ದೂರಸಂಪರ್ಕ ಮತ್ತು ಅಂಚೆ ಎರಡಕ್ಕೂ ಸೇರಿ 1998ರಲ್ಲಿ ಒಂದೇ ನಿಯಂತ್ರಣ ಸಂಸ್ಥೆಯನ್ನು ಆರಂಭಿಸಿತು. ಪತ್ರದ ಏಕಸ್ವಾಮ್ಯವನ್ನು ಅಲ್ಲಿ ತೆಗೆದುಹಾಕಿದ್ದು ಹತ್ತು ವರ್ಷಗಳ ನಂತರ, 2008ರಲ್ಲಿ. ಮೊದಲು ಕಾವಲು, ಆಮೇಲೆ ಬಾಗಿಲು. ಬ್ರಿಟನ್ನಿನಲ್ಲಿ ದೂರಸಂಪರ್ಕದ ನಿಯಂತ್ರಕ ಆಫ್‌ಕಾಮ್ ಸಂಸ್ಥೆಗೆ 2011ರಲ್ಲಿ ಅಂಚೆಯ ಹೊಣೆಯೂ ಬಂತು. ಪತ್ರಗಳನ್ನು ಹೇಳಿದ ಹೊತ್ತಿಗೆ ತಲುಪಿಸಲಿಲ್ಲವೆಂದು ಅದು 2024ರಲ್ಲಿ ರಾಯಲ್ ಮೇಲ್ ಸಂಸ್ಥೆಗೆ 1.05 ಕೋಟಿ ಪೌಂಡ್ ದಂಡ ಹಾಕಿತು. ಡೆನ್ಮಾರ್ಕಿನ ಕಥೆ ಬೇರೆ. ಅಲ್ಲಿ ಪತ್ರಗಳ ಸಂಖ್ಯೆ ಕುಸಿದು, ಎಲ್ಲರಿಗೂ ಪತ್ರ ತಲುಪಿಸುವ ಕಡ್ಡಾಯವನ್ನು ಕಾನೂನೇ ಕೈಬಿಟ್ಟಿತು. ಸರ್ಕಾರಿ ಒಡೆತನದ ಪೋಸ್ಟ್‌ನಾರ್ಡ್ 2025ರ ಕೊನೆಗೆ ಆ ದೇಶದಲ್ಲಿ ಪತ್ರ ಹಂಚುವುದನ್ನೇ ನಿಲ್ಲಿಸಿತು. ಪತ್ರಗಳು ಖಾಸಗಿಯವರ ಪಾಲಾದವು.

ನಮ್ಮಲ್ಲಿ ಏನಾಗಿದೆ? 1898ರ ಕಾಯ್ದೆಯ ಬದಲಿಗೆ ಬಂದ 2023ರ ಅಂಚೆ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಪತ್ರ ಸಾಗಿಸುವ ಏಕಸ್ವಾಮ್ಯ ಅದರಲ್ಲಿಲ್ಲ. ಆದರೆ ಸ್ವತಂತ್ರ ನಿಯಂತ್ರಕನೂ ಇಲ್ಲ. ಸೇವೆ ಒದಗಿಸುವ ಇಲಾಖೆಯ ಮಹಾನಿರ್ದೇಶಕರಿಗೇ ದರ ಗೊತ್ತುಪಡಿಸುವ ಅಧಿಕಾರ. ಸೇವೆಯಲ್ಲಿ ಲೋಪವಾದರೆ ನಿಯಮಗಳಲ್ಲಿ ಹೇಳಿದಷ್ಟೇ ಹೊಣೆ. ಅಂದರೆ 1997ಕ್ಕೆ ಮೊದಲು ದೂರವಾಣಿ ಇದ್ದ ಜಾಗದಲ್ಲೇ ಇಂದು ಅಂಚೆ ಇದೆ.

‘ಪತ್ರ ಬರೆಯುವವರಾದರೂ ಯಾರು ಸ್ವಾಮಿ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಂತಿ ಸೇವೆ 2013ರ ಜುಲೈನಲ್ಲಿ ನಿಂತಾಗ ನಾವು ಒಂದು ದಿನ ಮರುಗಿ ಮರೆತೆವು. ಆದರೆ ಅಂಚೆ ಹಾಗಲ್ಲ. ದೇಶದಲ್ಲಿ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಳಲ್ಲಿವೆ. ನ್ಯಾಯಾಲಯದ ನೋಟಿಸು, ಕೆಲಸದ ಆದೇಶ, ಬ್ಯಾಂಕಿನ ಕಾರ್ಡು, ಅಜ್ಜಿಯ ಪಿಂಚಣಿಯ ಮನಿಯಾರ್ಡರು ಇಂದಿಗೂ ಈ ದಾರಿಯಲ್ಲೇ ಬರುತ್ತವೆ. ಖಾಸಗಿ ಕೊರಿಯರ್ ಲಾಭವಿಲ್ಲದ ಊರನ್ನು ಬಿಟ್ಟುಬಿಡಬಹುದು. ಅಂಚೆಯಣ್ಣ ಬಿಡುವಂತಿಲ್ಲ. ಅವನು ಬಿಡದಂತೆ ನೋಡಿಕೊಳ್ಳಲು, ಅದರ ಖರ್ಚನ್ನು ಯಾರು ಹೊರಬೇಕೆಂದು ಬಹಿರಂಗವಾಗಿ ಲೆಕ್ಕ ಹಾಕಲು ಒಬ್ಬ ಮೂರನೆಯವನು ಬೇಕಲ್ಲವೇ? ನನ್ನ ಉತ್ತರ ‘ಬೇಕು’ ಎಂದು. ನಿಯಂತ್ರಕನಿಗೂ ಖರ್ಚಿದೆ, ಸಂಸತ್ತಿನ ನಿಗಾ ಸಾಕು ಎನ್ನುವವರೂ ಇದ್ದಾರೆ. ನೀವು ಎರಡೂ ಕಡೆ ತೂಗಿ ನೋಡಿ.

ನಿಮಗೊಂದು ಕೆಲಸ ಕೊಡುತ್ತೇನೆ. ಹೊಸ ನಿಯಮಕ್ಕೆ ಮುನ್ನ ಟ್ರಾಯ್ ಸಮಾಲೋಚನಾ ಪತ್ರವನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಅಂಥ ಒಂದನ್ನು ನಿಮ್ಮ ತರಗತಿಯಲ್ಲಿ ಓದಿ, ಚರ್ಚಿಸಿ, ನಿಮ್ಮ ಉತ್ತರ ಬರೆದು ಕಳಿಸಿ. ಆಮೇಲೆ ನಿಮ್ಮ ಊರಿನ ಅಂಚೆ ಕಚೇರಿಗೆ ಹೋಗಿ, ಅಲ್ಲಿಂದ ಅತಿ ದೂರದ ಮನೆಗೆ ಪತ್ರ ತಲುಪಲು ಎಷ್ಟು ದಿನ ಹಿಡಿಯುತ್ತದೆ ಎಂದು ವಿಚಾರಿಸಿ. ಆ ಮನೆಗೇ ಒಂದು ಕಾರ್ಡು ಬರೆದು ಹಾಕಿ, ದಿನಗಳನ್ನು ಎಣಿಸಿ.