ಕ್ಲೋಸ್‌ಪೇಟೆ ಸೀಮೆ ಮತ್ತು ಕೇಪ್ ವಸಾಹತು: ಬ್ರಿಟಿಷ್ ದಂಡನಾಯಕರ ಕಾಲ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆ ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಬಂಡೆ, ಕಾಡುಗಳ ನಾಡು. ಮೂರನೆಯ ಮತ್ತು ನಾಲ್ಕನೆಯ ಮೈಸೂರು ಯುದ್ಧಗಳಲ್ಲಿ (1790–92, 1799) ಈಸ್ಟ್ ಇಂಡಿಯಾ ಕಂಪನಿಯ ದಂಡು ಇದೇ ಸೀಮೆಯನ್ನು ಹಾದು ಟಿಪ್ಪುವಿನ ರಾಜಧಾನಿಗೆ ಹೋಯಿತು. ಹಾಗೆ ಹೋದವರಲ್ಲಿ ಕೆಲವರ ಹೆಸರು ದಕ್ಷಿಣ ಆಫ್ರಿಕಾದ ತುದಿಯ ಕೇಪ್ ವಸಾಹತಿನ ಚರಿತ್ರೆಯಲ್ಲೂ ಬರುತ್ತದೆ. ಇದು ಕಾಕತಾಳೀಯವಲ್ಲ. ಇಂಗ್ಲೆಂಡಿನಿಂದ ಮದ್ರಾಸಿಗೆ ಬರುವ ಹಡಗುಗಳಿಗೆ ಕೇಪ್ ತಂಗುದಾಣವಾಗಿತ್ತು. ಅದು ಡಚ್ಚರ ಕೈಯಲ್ಲಿರುವಷ್ಟು ದಿನ ಕಂಪನಿಗೆ ನೆಮ್ಮದಿ ಇರಲಿಲ್ಲ.

1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಹೊರಟ. ಹತ್ತು ವರ್ಷದ ಹಿಂದೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದವನು ಇವನೇ. ಚನ್ನಪಟ್ಟಣದ ನೇರ ದಾರಿಯಲ್ಲಿ ರಾಮಗಿರಿ, ಶಿವನಗಿರಿ ದುರ್ಗಗಳ ಆಸರೆಯಲ್ಲಿ ಟಿಪ್ಪು ಕಾದಿದ್ದ. ಕಾರ್ನ್‌ವಾಲಿಸ್ ದಕ್ಷಿಣಕ್ಕೆ ತಿರುಗಿ ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ದಾರಿ ಹಿಡಿದ. ಅಲ್ಲಿ ಮೇವು, ಧಾನ್ಯ ಸಿಗದಂತೆ ಟಿಪ್ಪು ಮೊದಲೇ ನಾಡನ್ನು ಬರಿದು ಮಾಡಿಸಿದ್ದ. ಅರಕೆರೆಯ ಬಳಿ ಗೆದ್ದರೂ ಗೆಲುವು ಉಪಯೋಗಕ್ಕೆ ಬರಲಿಲ್ಲ. ಎತ್ತುಗಳು ಸತ್ತವು, ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾವೇ ಒಡೆದುಹಾಕಿ ದಂಡು ಬೆಂಗಳೂರಿಗೆ ವಾಪಸಾಯಿತು. ಆ ವರ್ಷ ಟಿಪ್ಪುವಿನ ಸೈನ್ಯಕ್ಕಿಂತ ಹೆಚ್ಚಾಗಿ ಕಾರ್ನ್‌ವಾಲಿಸನನ್ನು ಹಿಮ್ಮೆಟ್ಟಿಸಿದ್ದು ಹಸಿವು ಎನ್ನಬೇಕು.

ಮರುದಾಳಿಗೆ ಮುನ್ನ ದಾರಿಯ ದುರ್ಗಗಳನ್ನು ಹಿಡಿಯಲೇಬೇಕಿತ್ತು. ಅವುಗಳಲ್ಲಿ ಹಿರಿದು ಮಾಗಡಿಯ ಸಾವನದುರ್ಗ. ಮಾಗಡಿ ಕೆಂಪೇಗೌಡರ ವಂಶದಿಂದ 1728ರಲ್ಲಿ ಮೈಸೂರಿನ ಪಾಲಾಗಿದ್ದ ಈ ಏಕಶಿಲೆಯ ಬೆಟ್ಟ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರವಿದೆ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ತಲೆ, ನಡುವೆ ಆಳವಾದ ಕಣಿವೆ, ಸುತ್ತ ಒತ್ತಾದ ಬಿದಿರು. ಈ ಕಾಡಿನ ಜ್ವರವೇ ಅರ್ಧ ದಂಡನ್ನು ತಿನ್ನುತ್ತದೆ ಎಂದು ಟಿಪ್ಪು ನಂಬಿದ್ದನಂತೆ. 1791ರ ಡಿಸೆಂಬರ್ 10ರಂದು ಬೆಟ್ಟದ ಬುಡದಲ್ಲಿ ಬೀಡುಬಿಟ್ಟ ಕರ್ನಲ್ ಸ್ಟುವರ್ಟ್ ಬಿದಿರು ಕಡಿಸಿ, ದಾರಿ ಮಾಡಿಸಿ ಫಿರಂಗಿಗಳನ್ನು ಎಳೆಸಿದ. 17ರಿಂದ ಗುಂಡು ಬೀಳತೊಡಗಿ ಮೂರ್ನಾಲ್ಕು ದಿನದಲ್ಲಿ ಗೋಡೆ ಬಿರಿಯಿತು. 21ರಂದು, ಕಾರ್ನ್‌ವಾಲಿಸನ ಕಣ್ಣೆದುರಿಗೇ, ವಾದ್ಯಮೇಳದ ಸಮೇತ ಪಡೆ ಏರಿತು. ಒಂದೇ ಗಂಟೆಯಲ್ಲಿ ದುರ್ಗ ಬಿತ್ತು. ಏರಿದವರ ಕಡೆ ಗಾಯಗೊಂಡವನು ಒಬ್ಬ ಸಿಪಾಯಿ ಮಾತ್ರ. ಕಾವಲಿನವರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು, ಓಡುವ ಭರದಲ್ಲಿ ಬಂಡೆಯಿಂದ ಜಾರಿ ಬಿದ್ದವರೂ ಹಲವರು. ಈ ಸುದ್ದಿಯ ಬೆನ್ನಿಗೇ ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಕೈಬಿಟ್ಟವು. ಫೆಬ್ರವರಿ 1792ರಲ್ಲಿ ಟಿಪ್ಪು ಸಂಧಿಗೆ ಬಂದು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಡಬೇಕಾಯಿತು.

ಇನ್ನು ಕೇಪ್ ಕಡೆಗೆ. ಡಚ್ಚರ ಈ ವಸಾಹತನ್ನು 1795ರಲ್ಲಿ ಬ್ರಿಟಿಷರು ಮೊದಲ ಸಲ ಹಿಡಿದರು. ಅಲ್ಲಿಗೆ ಗವರ್ನರಾಗಿ ಹೋದ ಮೆಕಾರ್ಟ್ನಿ ಮದ್ರಾಸಿನ ಹಳೆಯ ಗವರ್ನರ್, 1784ರ ಮಂಗಳೂರು ಒಪ್ಪಂದ ಆದದ್ದು ಅವನ ಕಾಲದಲ್ಲೇ. ಹೊಸ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ 1798ರಲ್ಲಿ ಭಾರತಕ್ಕೆ ಬರುವ ದಾರಿಯಲ್ಲಿ ಕೇಪ್‌ನಲ್ಲಿ ಇಳಿದ. ಹಿಂದೆ ಹೈದರಾಬಾದಿನಲ್ಲಿ ರೆಸಿಡೆಂಟನಾಗಿದ್ದು ಆಗ ಅಲ್ಲಿದ್ದ ಕರ್ಕ್‌ಪ್ಯಾಟ್ರಿಕ್‌ನಿಂದ ದೇಶೀ ಸಂಸ್ಥಾನಗಳ ಬಲಾಬಲ ಕೇಳಿ ತಿಳಿದ. ಟಿಪ್ಪುವಿನ ಮೇಲಿನ ಕೊನೆಯ ಯುದ್ಧದ ಲೆಕ್ಕಾಚಾರ ಶುರುವಾದದ್ದು ಹೀಗೆ ಆಫ್ರಿಕಾದ ನೆಲದಲ್ಲಿ. ಆಗ ಅಲ್ಲೇ ಇದ್ದ ಇನ್ನೊಬ್ಬ ಡೇವಿಡ್ ಬೇರ್ಡ್. 1780ರಲ್ಲಿ ಹೈದರನಿಗೆ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಬಂಧಿಯಾಗಿದ್ದವನು. 1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸನ ದಂಡಿನ ಜೊತೆ ಬೇರ್ಡ್ ಕಾನಕಾನಹಳ್ಳಿ, ಮಳವಳ್ಳಿಗಳನ್ನು ಹಾದು ಬಂದ. ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ಏಳು ವರ್ಷದೊಳಗೆ, 1806ರ ಜನವರಿಯಲ್ಲಿ, ಬ್ಲೌಬರ್ಗ್ ಕದನದಲ್ಲಿ ಡಚ್ ಗವರ್ನರ್ ಯಾನ್ಸೆನ್ಸನನ್ನು ಸೋಲಿಸಿ, ನಡುವೆ ಡಚ್ಚರಿಗೆ ಮರಳಿದ್ದ ಕೇಪನ್ನು ಎರಡನೆಯ ಸಲ ಹಿಡಿದವನೂ ಅವನೇ.

ರಾಮನಗರದ ಸೀಮೆಗೆ ಹೆಸರು ಬಿಟ್ಟುಹೋದವನು ಮಾತ್ರ ಬ್ಯಾರಿ ಕ್ಲೋಸ್ (1756–1813). ಐರ್ಲೆಂಡಿನ ಆರ್ಮಾ ಪ್ರಾಂತ್ಯದವನು, ಪಾರಸಿ ಬಲ್ಲವನು. ಟಿಪ್ಪುವಿನ ಪತನದ ನಂತರ ಮೈಸೂರಿನ ವ್ಯವಸ್ಥೆಗೆ ನೇಮಕವಾದ ಆಯೋಗದಲ್ಲಿ ರಿಚರ್ಡನ ತಮ್ಮ ಆರ್ಥರ್ ವೆಲ್ಲೆಸ್ಲಿ, ಕರ್ಕ್‌ಪ್ಯಾಟ್ರಿಕ್‌ರ ಜೊತೆ ಕೂತು, ಬಳಿಕ 1801ರವರೆಗೆ ಮೈಸೂರಿನ ರೆಸಿಡೆಂಟನಾಗಿದ್ದ. ಬೆಂಗಳೂರು–ಮೈಸೂರು ಹೆದ್ದಾರಿಯ ಕಾಡುಭಾಗದಲ್ಲಿ ಜನವಸತಿ ಇದ್ದರೆ ದಾರಿಹೋಕರಿಗೆ ಭಯವಿರದು ಎಂದು ದಿವಾನ್ ಪೂರ್ಣಯ್ಯ 1800ರಲ್ಲಿ ಪೇಟೆ ಕಟ್ಟಿಸಿ ಅವನ ಹೆಸರಿಟ್ಟರು. ಟಿಪ್ಪುವಿನ ಮಂತ್ರಿಯಾಗಿದ್ದವರು ಗೆದ್ದವರ ಪ್ರತಿನಿಧಿಗೆ ಸಲ್ಲಿಸಿದ ಈ ಮರ್ಯಾದೆಯಲ್ಲಿ ವಿನಯ ಎಷ್ಟು, ರಾಜಕೀಯ ಎಷ್ಟು ಎಂಬುದನ್ನು ಪೂರ್ಣಯ್ಯನವರೇ ಹೇಳಬೇಕಿತ್ತು.

ಅತ್ತ ಆಫ್ರಿಕಾದಲ್ಲಿ, ಬ್ರಿಟಿಷ್ ಆಳ್ವಿಕೆ ಒಗ್ಗದ ಕೇಪಿನ ಡಚ್ ಮೂಲದ ರೈತರು, ಅಂದರೆ ಬೋಯರರು, 1830ರ ದಶಕದಿಂದ ಬಂಡಿ ಕಟ್ಟಿ ಒಳನಾಡಿಗೆ ಹೋಗಿ ಟ್ರಾನ್ಸ್‌ವಾಲ್, ಆರೆಂಜ್ ಫ್ರೀ ಸ್ಟೇಟ್ ಗಣರಾಜ್ಯಗಳನ್ನು ಕಟ್ಟಿಕೊಂಡರು. 1899–1902ರ ಯುದ್ಧದಲ್ಲಿ ಅವೂ ಬ್ರಿಟಿಷರ ಪಾಲಾದವು. ಸೆರೆಸಿಕ್ಕ ಬೋಯರರಲ್ಲಿ ಸಾವಿರಾರು ಮಂದಿಯನ್ನು ಹಡಗಿನಲ್ಲಿ ಭಾರತಕ್ಕೆ ತಂದರು. ಅವರನ್ನಿಟ್ಟ ಶಿಬಿರಗಳಲ್ಲಿ ಬಳ್ಳಾರಿಯದೂ ಒಂದು.

ಸ್ವಾತಂತ್ರ್ಯಾನಂತರ ಕ್ಲೋಸ್‌ಪೇಟೆ ರಾಮನಗರವಾಯಿತು. ಭೂವಿಜ್ಞಾನಿಗಳು ಮಾತ್ರ ಇಲ್ಲಿನ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕನಕಪುರದ ಕಡೆಯಿಂದ ಹೊರಟ ಆ ಕಲ್ಲಿನ ಪಟ್ಟಿ ಉತ್ತರದಲ್ಲಿ ಬಳ್ಳಾರಿ ಸೀಮೆಯವರೆಗೂ ಹಬ್ಬಿದೆ.