ಪ್ಲಾಸ್ಟರ್ ವೀನಸ್ ಮತ್ತು ಹೆಸರು ಕೆತ್ತಿದ ರೂವಾರಿಗಳು

ತಿಲಕ್ ನಗರದ ನಮ್ಮ ಮನೆಯ ಮಹಡಿಕೋಣೆಗೆ ಉತ್ತರದ ಕಿಟಕಿ ಇದೆ. ಡ್ರಾಯಿಂಗ್ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಆಸ್ತಿ ಬೇಕಿಲ್ಲ. ದಿನವಿಡೀ ಬೆಳಕು ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ, ನೆರಳು ಅತ್ತಿತ್ತ ಓಡುವುದಿಲ್ಲ. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಒಂದು ಹೆಣ್ಣಿನ ತಲೆ ಇದೆ. ಬೈತಲೆ ತೆಗೆದು ಹಿಂದಕ್ಕೆ ತುರುಬು ಕಟ್ಟಿದ ಕೂದಲು, ನೇರ ಮೂಗು, ಯಾರನ್ನೂ ನೋಡದ ಕಣ್ಣು. ಮಿಲೋಸಿನ ವೀನಸ್. ಗ್ರೇಡ್ ಪರೀಕ್ಷೆಗೆ ತಯಾರಾಗುವ ಮಕ್ಕಳು ಭಾನುವಾರ ಬೋರ್ಡಿಗೆ ಕಾರ್ಟ್ರಿಡ್ಜ್ ಹಾಳೆ ಸಿಕ್ಕಿಸಿಕೊಂಡು ಇದರ ಎದುರು ಕೂರುತ್ತಾರೆ. ಪೆನ್ಸಿಲನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಗಲ್ಲದಿಂದ ಮೂಗಿಗೆಷ್ಟು, ಮೂಗಿನಿಂದ ಹುಬ್ಬಿಗೆಷ್ಟು ಎಂದು ಅಳೆಯುತ್ತಾರೆ.

ಪೂರ್ತಿ ಶಿಲ್ಪದ ಫೋಟೋ ತೋರಿಸಿದ ದಿನ, ಮೇನ್ ರೋಡಿನಲ್ಲಿ ಹೂವು ಮಾರುವವರ ಮಗಳು ಕೇಳಿದಳು: "ಸಾರ್, ಎರಡೂ ಕೈ ಮುರಿದಿದೆಯಲ್ಲ. ಭಿನ್ನ ಆಗಿರೋ ಮೂರ್ತೀನ ಯಾಕೆ ಇಟ್ಕೊಂಡಿದ್ದಾರೆ?"

ಅವಳ ಮನೆಯಲ್ಲಿ ದೇವರ ಮೂರ್ತಿಯ ಬೆರಳು ಮುಕ್ಕಾದರೂ ಅದನ್ನು ಪೂಜೆಗೆ ಇಡುವುದಿಲ್ಲ, ನೀರಿಗೆ ಬಿಡುತ್ತಾರೆ. ಅವಳದು ನ್ಯಾಯವಾದ ಪ್ರಶ್ನೆ. ಉತ್ತರ ಹೇಳಲು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

1820ರ ಏಪ್ರಿಲ್‌ನಲ್ಲಿ, ಆಗ ತುರ್ಕರ ಆಳ್ವಿಕೆಯಲ್ಲಿದ್ದ ಗ್ರೀಕ್ ದ್ವೀಪ ಮಿಲೋಸ್‌ನಲ್ಲಿ ಒಬ್ಬ ರೈತ ತನ್ನ ಜಮೀನಿನಲ್ಲಿ ಅಗೆಯುವಾಗ ಈ ಕಲ್ಲು ಸಿಕ್ಕಿತು. ಅಲ್ಲೇ ಇದ್ದ ಫ್ರೆಂಚ್ ನೌಕಾಧಿಕಾರಿ ಒಲಿವಿಯೆ ವೂತಿಯೆ ಅದರ ಬೆಲೆ ಅರಿತ. ಮರುವರ್ಷವೇ ಶಿಲ್ಪ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಸೇರಿತು. ಫ್ರಾನ್ಸಿಗೆ ಅದು ಬೇಕಾಗಿತ್ತು. ನೆಪೋಲಿಯನ್ ಇಟಲಿಯಿಂದ ಹೊತ್ತು ತಂದಿದ್ದ ಮೆದಿಚಿ ವೀನಸ್ಸನ್ನು 1815ರಲ್ಲಿ ಹಿಂದಿರುಗಿಸಬೇಕಾಗಿ ಬಂದು, ಆ ಜಾಗ ಖಾಲಿ ಬಿದ್ದಿತ್ತು. ಹೊಸದಾಗಿ ಬಂದವಳಿಗೆ ಸಿಕ್ಕ ಪ್ರಚಾರದಲ್ಲಿ ಆ ನಷ್ಟದ ಪಾಲೂ ಇದೆ. ಕೈಗಳನ್ನು ಹೊಸದಾಗಿ ಮಾಡಿ ಜೋಡಿಸಬೇಕೇ ಎಂಬ ಚರ್ಚೆ ನಡೆದು, ಕೊನೆಗೆ ಬೇಡವೆಂದಾಯಿತು. ಶಿಲ್ಪಕಲೆಯ ಚರಿತ್ರೆಯಲ್ಲಿ ಇದು ದೊಡ್ಡ ತೀರ್ಮಾನ ಎಂದೇ ನನ್ನ ನಂಬಿಕೆ. ಮುರಿದದ್ದನ್ನು ಮುರಿದಂತೆಯೇ ನೋಡುವ ಕಣ್ಣು ಯುರೋಪಿಗೆ ಬೆಳೆದದ್ದು ಇಂಥ ತೀರ್ಮಾನಗಳಿಂದ. ಮುಂದೆ ಫ್ರೆಂಚ್ ಶಿಲ್ಪಿ ರೋದೆನ್ ಕೈಯಿಲ್ಲದ, ತಲೆಯಿಲ್ಲದ ದೇಹಗಳನ್ನೇ ಪೂರ್ಣ ಶಿಲ್ಪವೆಂದು ಪ್ರದರ್ಶನಕ್ಕಿಟ್ಟರು. ಅವರು ಈ ವೀನಸ್ ಮೇಲೆ ಬರೆದರು. ನಮ್ಮ ಚೋಳರ ನಟರಾಜನ ಫೋಟೋಗಳನ್ನು ನೋಡಿ ಅವನ ಮೇಲೂ ಬರೆದರು.

ಶಿಲ್ಪದ ಎತ್ತರ 2 ಮೀಟರ್‌ಗಿಂತ ತುಸು ಹೆಚ್ಚು. ಮೇಲರ್ಧ, ಕೆಳಅರ್ಧ ಬೇರೆ ಬೇರೆ ಕಲ್ಲು. ಅವು ಕೂಡುವ ಸಂದು ಸೊಂಟದ ಬಟ್ಟೆಯ ನಿರಿಗೆಯಲ್ಲಿ ಅಡಗಿದೆ. ಭಾರವೆಲ್ಲ ಬಲಗಾಲಿನ ಮೇಲೆ, ಎಡಮಂಡಿ ಮುಂದಕ್ಕೆ. ಸೊಂಟ ಒಂದು ಕಡೆ ವಾಲಿದರೆ ಭುಜ ಇನ್ನೊಂದು ಕಡೆ ವಾಲುತ್ತದೆ. ಒಮ್ಮೆ ಅವಳಿಗೆ ಲೋಹದ ಒಡವೆಗಳೂ ಇದ್ದವು. ಈಗ ಉಳಿದಿರುವುದು ಅವನ್ನು ಸಿಕ್ಕಿಸಿದ್ದ ತೂತುಗಳು ಮಾತ್ರ.

ಅವಳ ತಲೆ ನಮ್ಮ ಸ್ಟೂಲಿನವರೆಗೆ ಬಂದದ್ದು ಪ್ಲಾಸ್ಟರಿನ ದಾರಿಯಲ್ಲಿ. ಮೂಲದ ಮೇಲೆ ತುಂಡು ತುಂಡಾಗಿ ಅಚ್ಚು ತೆಗೆದು, ಜೋಡಿಸಿ, ಒಳಗೆ ಪ್ಲಾಸ್ಟರ್ ಹುಯ್ದರೆ ಎರಕ ಸಿದ್ಧ. ಲಂಡನ್ನಿನ ಬ್ರುಚಾನಿ ಅಂಗಡಿ ಇಂಥ ಎರಕಗಳನ್ನು ಮಾರಿಯೇ ಹೆಸರಾಗಿತ್ತು. ಬ್ರಿಟಿಷರು ಮುಂಬಯಿ, ಮದ್ರಾಸು, ಕಲ್ಕತ್ತಾಗಳಲ್ಲಿ ಕಲಾಶಾಲೆ ತೆರೆದಾಗ ಪಠ್ಯಕ್ರಮದ ಜೊತೆ ಈ ಬಿಳಿಯ ಗ್ರೀಕರೂ ಬಂದರು. 'ಆಂಟಿಕ್', ಅಂದರೆ ಈ ಎರಕಗಳನ್ನು ನೋಡಿ ಬರೆಯದೆ ಜೀವಂತ ಮಾಡೆಲ್ ಮುಂದೆ ಕೂರಲು ಬಿಡುತ್ತಿರಲಿಲ್ಲ. ನಾನು ಕಲಿತ ಕಾಲಕ್ಕೂ ಆ ಕ್ರಮ ಉಳಿದಿತ್ತು. ನಮ್ಮ ಎದುರಿಗಿದ್ದದ್ದು ಎರಕದಿಂದ ತೆಗೆದ ಎರಕದ ಎರಕ. ಪ್ರತಿ ಸಲ ಅಚ್ಚು ತೆಗೆದಾಗಲೂ ರೆಪ್ಪೆಯ ಅಂಚು, ತುಟಿಯ ಕೊನೆ ಸ್ವಲ್ಪ ಸವೆಯುತ್ತದೆ. ಆದರೂ ಅದರ ಉಪಕಾರವನ್ನು ಮರೆಯಲಾರೆ. ಬಣ್ಣವಿಲ್ಲದ, ಅಲುಗಾಡದ ಆ ಮುಖದ ಮೇಲೆ ಬೆಳಕು ಕೆನ್ನೆಯಿಂದ ಕುತ್ತಿಗೆಗೆ ಹೇಗೆ ಇಳಿಯುತ್ತದೆ ಎಂದು ಕಲಿತವನಿಗೆ ಮುಂದೆ ಯಾವ ಮುಖವೂ ಕಷ್ಟವಾಗುವುದಿಲ್ಲ. ಉಡುಪಿ ಸೀಮೆಯ ಕಟ್ಟಿಂಗೇರಿಯಿಂದ ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಚಿತ್ರಕಾರ ಕೆ.ಕೆ. ಹೆಬ್ಬಾರರು ಆ ಶಿಸ್ತನ್ನು ದಾಟಿ ತಮ್ಮದೇ ಗೆರೆ ಕಂಡುಕೊಂಡರು. ಆ ಗೆರೆಯ ಖಚಿತತೆಯ ಹಿಂದೆ ಶಾಲೆಯ ಶಿಸ್ತೂ ಇದೆ.

ಕಲ್ಕತ್ತಾದಲ್ಲಿ ಕಥೆ ಬೇರೆಯಾಯಿತು. 1896ರಲ್ಲಿ ಅಲ್ಲಿನ ಶಾಲೆಗೆ ಮುಖ್ಯಸ್ಥರಾಗಿ ಬಂದ ಹ್ಯಾವೆಲ್, ಯುರೋಪಿನ ಮಾದರಿಗಳನ್ನು ಬದಿಗೆ ಸರಿಸಿ ಭಾರತೀಯ ಕಲೆಯನ್ನು ಮುಂದೆ ತಂದರು. ವಿದ್ಯಾರ್ಥಿಗಳೇ ಪ್ರತಿಭಟಿಸಿದರು, ಒಳ್ಳೆಯ ವಿದ್ಯೆಯನ್ನು ತಮ್ಮಿಂದ ಕಸಿಯುತ್ತಿದ್ದಾರೆ ಎಂಬ ಆತಂಕ ಅವರದು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಮೈಸೂರಿನ ಕೆ. ವೆಂಕಟಪ್ಪ 1909ರಲ್ಲಿ ಅದೇ ಶಾಲೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಊರಿಗೆ ಮರಳಿದ ಮೇಲೆ ಅವರು ಪ್ಲಾಸ್ಟರನ್ನು ಬಿಡಲಿಲ್ಲ, ಗ್ರೀಕರನ್ನು ಬಿಟ್ಟರು. ಅದೇ ಬಿಳಿಯ ಪುಡಿಯಲ್ಲಿ ನಮ್ಮ ಕಥೆಗಳ ಉಬ್ಬುಶಿಲ್ಪ ಮಾಡಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ನಾನು ಮಕ್ಕಳಿಗೆ ಹೇಳುವುದುಂಟು: ಪ್ಲಾಸ್ಟರ್ ಯಾವ ದೇಶದ್ದೂ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಬಹಳ ಕಾಲದಿಂದ ಬಾಧಿಸುವ ಮಾತೊಂದಿದೆ. ವೀನಸ್ ಜೊತೆ ಸಿಕ್ಕ ಪೀಠದ ತುಂಡಿನ ಮೇಲೆ ಶಿಲ್ಪಿಯ ಹೆಸರಿನ ಬರಹವಿತ್ತು. ಮಿಯಾಂಡರ್ ನದಿಯ ದಡದ ಆಂಟಿಯಾಕ್‌ನ ಅಲೆಕ್ಸಾಂಡ್ರೋಸ್ ಎಂದು ಅದನ್ನು ಓದುತ್ತಾರೆ. ಆ ತುಂಡು ಲೂವ್ರ್ ಸೇರಿದ ಮೇಲೆ ಕಳೆದೇ ಹೋಯಿತು. ಶಿಲ್ಪ ಇನ್ನೂ ಹಳೆಯದು, ದೊಡ್ಡ ಶಿಲ್ಪಿಯದು ಎಂದು ನಂಬಲು ಬಯಸಿದವರಿಗೆ ಆ ಹೆಸರು ಬೇಡವಾಗಿತ್ತು. ಹೀಗೆ, ಹೆಸರು ಕಳೆದುಕೊಂಡ ಶಿಲ್ಪಿಯ ಕೃತಿಯನ್ನು ನಮ್ಮ ಮಕ್ಕಳು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ತಮ್ಮ ಹೆಸರನ್ನು ಕನ್ನಡ ಅಕ್ಷರದಲ್ಲಿ ಪೀಠದ ಮೇಲೆ ಕೆತ್ತಿ ಹೋದವರನ್ನು ಅವರು ಕೇಳಿಯೂ ಇರುವುದಿಲ್ಲ.

ಬೇಲೂರಿನ ಚೆನ್ನಕೇಶವ ದೇಗುಲ 1117ರದು. ಚಾವಣಿಯ ಕೆಳಗೆ ಮುಂದಕ್ಕೆ ಬಾಗಿ ನಿಂತ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ. ಜೊತೆಗೆ ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳು! ಆರ್. ನರಸಿಂಹಾಚಾರ್ಯರು ಬೇಲೂರಿನ ಮೇಲೆ 1919ರಲ್ಲಿ ತಂದ ಪುಸ್ತಕದಲ್ಲಿ ಈ ಹೆಸರುಗಳಿಗೆ ಜಾಗ ಕೊಟ್ಟರು. ದರ್ಪಣ ಸುಂದರಿಯನ್ನೇ ನೋಡಿ. ಕೈಯಲ್ಲಿ ಕನ್ನಡಿ, ಸೊಂಟದಲ್ಲಿ ವೀನಸ್ಸಿನಲ್ಲಿರುವಂಥದೇ ಬಾಗು, ನಮ್ಮವರು ತ್ರಿಭಂಗಿ ಎನ್ನುವುದು. ಆದರೆ ಒಡವೆಗಳಿಗೆ ಇಲ್ಲಿ ತೂತು ಬೇಕಾಗಲಿಲ್ಲ, ಕಲ್ಲಿನಲ್ಲೇ ಕೆತ್ತಿದರು. ಇಲ್ಲಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ವೀನಸ್ಸಿನ ಅಮೃತಶಿಲೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬಳಪದ ಕಲ್ಲು ಹಾಗೆ ಮಾಡದು. ಅದಕ್ಕೇ ಹೊಯ್ಸಳ ಶಿಲ್ಪಿ ಆಳವಾಗಿ ಕೊರೆದು ನೆರಳನ್ನು ತಾನೇ ತುಂಬಿದ. ಶೇಡಿಂಗ್ ಕಲಿಯುವವನಿಗೆ ಇದು ವೀನಸ್ ಕಲಿಸದ ಪಾಠ. ಕೆಳಗಿನಿಂದ ತಲೆಯೆತ್ತಿ ನೋಡುವವರಿಗಾಗಿ ದೇಹವನ್ನು ಹೇಗೆ ಬಾಗಿಸಬೇಕೆಂಬುದು ಇನ್ನೊಂದು.

ಕೆಲವು ಭಾನುವಾರ ಪ್ಲಾಸ್ಟರ್ ತಲೆಯ ಪಕ್ಕದಲ್ಲಿ ದರ್ಪಣ ಸುಂದರಿಯ ದೊಡ್ಡ ಫೋಟೋ ಇಟ್ಟು ಎರಡನ್ನೂ ಬರೆಸುತ್ತೇನೆ. ಫೋಟೋದಿಂದ ಬರೆಯುವುದು ಅರ್ಧ ವಿದ್ಯೆ. ನಮ್ಮ ಕಲಾಶಾಲೆಗಳಲ್ಲಿ ದಾಸೋಜನ ಕೃತಿಯ ಒಳ್ಳೆಯ ಎರಕ ಇರಬೇಕು, ಅದರ ಪೀಠದಲ್ಲಿ ಅವನ ಹೆಸರೂ ಓದುವಂತಿರಬೇಕು.

ಹೂವಿನವರ ಮಗಳ ಪ್ರಶ್ನೆಗೆ ಸೋಮನಾಥಪುರದಲ್ಲಿ ಇನ್ನೊಂದು ಉತ್ತರವಿದೆ. 13ನೆಯ ಶತಮಾನದ ಆ ಕೇಶವ ದೇಗುಲದಲ್ಲಿ ಪೂಜೆ ನಿಂತು ಎಷ್ಟೋ ಕಾಲವಾಗಿದೆ. ಕೈ ಮುರಿದ, ಮೂಗು ಹೋದ ಮೂರ್ತಿಗಳು ಅಲ್ಲಿ ಸಾಲಾಗಿ ನಿಂತಿವೆ. ಯಾರೂ ಅವನ್ನು ನೀರಿಗೆ ಬಿಟ್ಟಿಲ್ಲ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಆ ದೇಗುಲವೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅನೇಕ ಮೂರ್ತಿಗಳ ಕೆಳಗೆ ಮಲ್ಲಿತಮ್ಮ ಎಂಬ ಹೆಸರಿದೆ. 1196ರ ಅಮೃತಾಪುರದ ದೇಗುಲದಲ್ಲೂ ಅದೇ ಹೆಸರು ಕಾಣುತ್ತದೆ. ಇಬ್ಬರೂ ಒಬ್ಬನೇ ಎಂದು ವಿದ್ವಾಂಸರು ಹೇಳುವುದು ಸರಿಯಾದರೆ, ಅವನು ಅರವತ್ತು ವರ್ಷ ಉಳಿ ಹಿಡಿದಿದ್ದ.